ಅಝರಣ್ಣನ ಬಸ್ಸಿನ ಹಾಡು

ಸುಶಾಂತ್ ತೀರಿಹೋಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಅಷ್ಟರಲ್ಲೇ ಅವನ ಹಾಡನ್ನೂ ಮುಗಿಸಿಬಿಡಲು ಜನ ಸಾಲು ಹಿಡಿದು ನಿಂತಿದ್ದಾರೆ ಎಂದು ಅವನ ತಂದೆ ತಾರಾನಾಥರಿಗೆ ಅನ್ನಿಸಿತು. ಸಾಲಿನ ಮೊದಲಿಗೆ ನಿಂತವನು ರೋಶನ್.

ರೋಶನ್ ದೋಹಾದ ಕರಾವಳಿ ಬಳಗದ ಅಧ್ಯಕ್ಷ. ಉದ್ಯೋಗದಲ್ಲಿ ಒಂದು ಕಟ್ಟಡ ಕಂಪೆನಿಯ ಸಾರಿಗೆ ಮ್ಯಾನೇಜರು. ಯಾವ ಬಸ್ಸು ಯಾವ ಸೈಟಿಗೆ, ಯಾವ ಡ್ರೈವರು ಯಾವ ಪಾಳಿಗೆ ಎಂದು ಬರೆಯುವುದು ಅವನ ಕೆಲಸ. ಸುಶಾಂತ್ ಇದ್ದದ್ದೂ ಅದೇ ಕಂಪೆನಿಯಲ್ಲಿ, ಸೈಟಿನ ಸ್ಟೋರು ನೋಡಿಕೊಳ್ಳುವವನಾಗಿ. ಬಳಗದ ವಾರ್ಷಿಕೋತ್ಸವದಲ್ಲಿ ಸುಶಾಂತನ ಗೆಳೆಯ ಸೈಮನ್ ತನ್ನ ಬ್ಯಾಂಡಿನೊಡನೆ ಸುಶಾಂತ್ ಬರೆದ ಹಾಡೊಂದನ್ನು ಹಾಡುವುದೆಂದು ಮಾತಾಗಿತ್ತು. ಹಾಡನ್ನು ರೋಶನ್‌ನ ಮೊಬೈಲಿಗೆ ಕಳುಹಿಸಿಯೂ ಆಗಿತ್ತು. ಉತ್ತರ ಮಾತ್ರ ಬರಲಿಲ್ಲ. ಕೊನೆಗೆ ತಂದೆಯೇ ವೆಸ್ಟ್ ಬೇಯಲ್ಲಿದ್ದ ರೋಶನ್‌ನ ಆಫೀಸಿಗೆ ಹೋದರು.

"ಮೂರು ಚರಣ ಚಂದ ಉಂಟು ತಾರಾನಾಥಣ್ಣ. ಓದುವಾಗ ನನಗೇ ಕಣ್ಣು ತುಂಬಿತು. ನಾಲ್ಕನೆಯದು ಒಂದು ಬೇಡ," ಎಂದ ರೋಶನ್.

"ಯಾಕೆ ಬೇಡ?"

"ನಿಮಗೆ ಗೊತ್ತಿಲ್ವಾ?"

"ಗೊತ್ತುಂಟು. ನಿನ್ನ ಬಾಯಲ್ಲಿ ಕೇಳುವ ಅಂತ ಬಂದದ್ದು."

ರೋಶನ್ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ. "ಇದು ಊರಲ್ಲ ಅಣ್ಣ. ಸ್ಟೇಜಿಗೆ ಹೋಗುವ ಒಂದೊಂದು ಐಟಮ್ಮಿಗೂ ಮೊದಲೇ ಅಪ್ರೂವಲ್ ಆಗ್ಬೇಕು. ಸ್ಪಾನ್ಸರ್ ಯಾರು? ನಮ್ಮದೇ ಕಂಪೆನಿ. ಎದುರು ಸಾಲಲ್ಲಿ ನಮ್ಮ ಜಿ.ಎಂ. ಕೂತಿರ್ತಾರೆ. ಅವರ ಮುಖಕ್ಕೆ ಇದನ್ನು ಹಾಡ್ಲಿಕ್ಕೆ ಆಗ್ತದಾ? ನನ್ನ ಕಥೆ ಬಿಡಿ, ಖಲಾಸ್. ಸೈಮನ್‌ನ ಕೆಲಸ ಎಂತ ಆಗ್ತದೆ?"

"ನಿಮ್ಮ ಜಿ.ಎಂ.ಗೆ ಕನ್ನಡ ಬರ್ತದಾ?"

"ಬರುದಿಲ್ಲ."

"ಮತ್ತೆ?"

"ಬರುವವರು ಹೇಳಿಕೊಡ್ತಾರಲ್ಲ."

"ಯಾರು ಹೇಳಿಕೊಡುವುದು? ನೀನಾ?"

ರೋಶನ್ ಮೇಜಿನ ಮೇಲಿನ ಕಾಗದಗಳನ್ನು ಸರಿಮಾಡತೊಡಗಿದ. ತಾರಾನಾಥರು ಅವನ ಬೆನ್ನ ಹಿಂದಿನ ಗಾಜಿನಾಚೆ ನೋಡುತ್ತ ಕುಳಿತರು. ಬಿಸಿಲಿಗೆ ಸಮುದ್ರ ಬೆಳ್ಳಗಾಗಿತ್ತು. ಹಾಡಿನ ನಾಲ್ಕನೆಯ ಚರಣ ಅವರಿಗೆ ಬಾಯಿಪಾಠ.

ಆಫೀಸಲಿ ಕೂತು ಪಾಳಿಯ ಬರೆದವನೇ,
ನಿನ್ನ ಮಗನ ಒಮ್ಮೆ ಕೂರಿಸು ಈ ಬಸ್ಸಲೇ.

ಇಷ್ಟೇ. ಬೈಗುಳವಿಲ್ಲ, ಶಾಪವಿಲ್ಲ, ಯಾರ ಹೆಸರೂ ಇಲ್ಲ. ಈ ಎರಡು ಸಾಲಿಗೆ ಇಷ್ಟು ದೊಡ್ಡ ಕಟ್ಟಡ ನಡುಗುತ್ತದಲ್ಲ ಎಂದು ಅವರ ಮೈಯೆಲ್ಲ ಉರಿಯಿತು.

ಮಗ ಈ ಜಾತಿಯ ಹಾಡಿಗೆ ಬಿದ್ದದ್ದು ಸೈಮನ್‌ನಿಂದ. ಸೈಮನ್ ಬಜಪೆ ಕಡೆಯ ಕ್ರೈಸ್ತರವನು. ಅವರ ಮನೆಯಲ್ಲಿ ಮದುವೆಯ ಮುಂಚಿನ ದಿನ ರೋಸ್ ಶಾಸ್ತ್ರಕ್ಕೆ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವಾಗಲೂ ಅಮೆರಿಕದ ಹಳ್ಳಿ ಹಾಡುಗಳ ಕ್ಯಾಸೆಟ್ಟು ಹಾಡುತ್ತಿತ್ತಂತೆ. ಕಂಟ್ರಿ ಎಂದು ಅದಕ್ಕೆ ಹೆಸರು. ಸುಶಾಂತ್ ಅವನಿಂದ ಗಿಟಾರು ಕಲಿತ. ಗುರುವಾರ ಸಂಜೆ ಇಬ್ಬರೂ ಒಂದು ಹೋಟೆಲಿನ ಮೇಲಂತಸ್ತಿನಲ್ಲಿ, ತಲೆಗೆ ಅಗಲದ ಟೊಪ್ಪಿ ಇಟ್ಟುಕೊಂಡು, ಊಟಕ್ಕೆ ಬಂದವರ ಮುಂದೆ ಹಾಡುತ್ತಿದ್ದರು. ತಾರಾನಾಥರಿಗೆ ಮೊದಮೊದಲು ಅದು ಹಿಡಿಸಲಿಲ್ಲ. ನೆಗಡಿಯಾದವರ ಹಾಡು ಎಂದು ಗೇಲಿ ಮಾಡುತ್ತಿದ್ದರು.

"ಅಪ್ಪ, ಇದು ಲಾರಿ ಓಡಿಸುವವರ, ಗಣಿಯಲ್ಲಿ ಅಗೆಯುವವರ ಹಾಡು," ಎಂದು ಮಗ ಹೇಳಿದ್ದ. "ಧಣಿಯನ್ನು ಬೈಯುವ ಪದ ಬೇಕಾದಷ್ಟುಂಟು ಇದರಲ್ಲಿ. ಆದ್ರೆ ಅಲ್ಲಿ ಕೂಡ ಹಾಡುವವರು ಯುದ್ಧ ಬೇಡ ಅಂದ್ರೆ, ಸರಕಾರ ಮಾಡಿದ್ದು ತಪ್ಪು ಅಂದ್ರೆ, ರೇಡಿಯೋದವರು ಬಾಗಿಲು ಹಾಕ್ತಾರೆ. ಬಾಯಿ ಮುಚ್ಚಿ ಹಾಡು ಅಂತಾರೆ."

"ಬಾಯಿ ಮುಚ್ಚಿ ಹಾಡುವುದು ಹೇಗೆ?"

"ಅದನ್ನೇ ನಾನೂ ಕೇಳುದು. ನಿಮ್ಮ ದಾಸರು ದೊರೆಗಳನ್ನು, ಸಾವ್ಕಾರರನ್ನು ಬೈಲಿಲ್ವಾ? ನೀವು ಭಜನೆಯಲ್ಲಿ ಅದಕ್ಕೆ ತಾಳ ಹಾಕ್ತೀರಿ. ಬೈಸಿಕೊಂಡವರು ಸತ್ತು ನಾನೂರು ವರ್ಷ ಆಯ್ತಲ್ಲ, ಅದಕ್ಕೆ ಧೈರ್ಯ."

ಆ ಮಾತಿಗೆ ತಾರಾನಾಥರು ನಕ್ಕಿದ್ದರು. ಮಗ ಮಾತಿನಲ್ಲಿ ಗೆದ್ದರೆ ತಂದೆಗೆ ಸೋತ ಹಾಗಾಗುವುದಿಲ್ಲ.

ಅಝರ್ ಎಂಬವನು ಸುಶಾಂತನ ಸೈಟಿನ ಮಿನಿಬಸ್ಸಿನ ಡ್ರೈವರು, ಉಪ್ಪಿನಂಗಡಿಯ ಬ್ಯಾರಿ. ಬೆಳಗಿನ ಪಾಳಿಯವರನ್ನು ಮರುಭೂಮಿಯ ಸೈಟಿಗೆ ಬಿಡುವವನೂ ಅವನೇ, ರಾತ್ರಿ ಪಾಳಿಯವರನ್ನು ಕರೆತರುವವನೂ ಅವನೇ. ಊರಿಗೆ ಹೋದ ಇನ್ನೊಬ್ಬ ಡ್ರೈವರನ ಜಾಗಕ್ಕೆ ಯಾರನ್ನೂ ಹಾಕಿರಲಿಲ್ಲ. ನೇರ ರಸ್ತೆಯಲ್ಲಿ ಅಝರನ ತಲೆ ಸ್ಟೀರಿಂಗಿನ ಮೇಲೆ ಬಾಗುವುದನ್ನು ನೋಡಿ ಸುಶಾಂತ್ ಹಿಂದಿನ ಸೀಟು ಬಿಟ್ಟು ಅವನ ಪಕ್ಕಕ್ಕೆ ಬಂದು ಕೂರತೊಡಗಿದ. ದಾರಿಯುದ್ದಕ್ಕೂ ಅವನನ್ನು ಮಾತಾಡಿಸುತ್ತಿದ್ದ. ಮಾತು ಮುಗಿದರೆ ಮಕ್ಕಳ ಹೆಸರು ಹೇಳಿಸುತ್ತಿದ್ದ. ಹಾಡು ಹುಟ್ಟಿದ್ದು ಅಲ್ಲಿ. ಕನ್ನಡದ ಮಾತು, ಕಂಟ್ರಿಯ ಧಾಟಿ.

ಒಂದು ಗುರುವಾರ ಅದನ್ನು ಹೋಟೆಲಿನಲ್ಲಿ ಹಾಡಿದ. ಯಾರೋ ಮೊಬೈಲಿನಲ್ಲಿ ಹಿಡಿದು ಹಂಚಿದರು. ಡ್ರೈವರುಗಳ ಕೋಣೆಕೋಣೆಗೆ ಹೋಯಿತು; ಕಂಪೆನಿಗೂ ಹೋಯಿತು. ಮುಂದಿನ ವಾರ ಹೋಟೆಲಿನ ಮ್ಯಾನೇಜರು ಜೇಕಬ್ ಸುಶಾಂತನನ್ನು ಪಕ್ಕಕ್ಕೆ ಕರೆದು, ಜನ ಇಲ್ಲಿಗೆ ಬರುವುದು ದುಃಖ ಮರೆಯಲು, ನೀನು ಇನ್ನು ಬರಬೇಡ ಎಂದ. ಕಂಪೆನಿಯವರು ಕರೆದು, ಇನ್ನೊಮ್ಮೆ ಬಾಯಿ ಬಿಟ್ಟರೆ ಊರಿಗೆ ಟಿಕೆಟ್ಟು ಎಂದರು. ಹಾಡು ನಿಂತಿತು. ಪಾಳಿ ನಿಲ್ಲಲಿಲ್ಲ.

ಒಂದು ಬೆಳಗಿನ ಜಾವ, ತಿರುವೇ ಇಲ್ಲದ ರಸ್ತೆಯಲ್ಲಿ ಬಸ್ಸು ಪಕ್ಕಕ್ಕೆ ಸರಿದು ಮಗುಚಿತು. ಹಿಂದೆ ಕುಳಿತವರು ಕೈಕಾಲು ಮುರಿದುಕೊಂಡು ಉಳಿದರು. ಮುಂದಿದ್ದ ಇಬ್ಬರೂ ಹೋದರು. ಚಾಲಕನ ಅಜಾಗರೂಕತೆ ಎಂದು ಕಂಪೆನಿಯ ವರದಿ ಹೇಳಿತು. ಮಗನನ್ನು ಸುಟ್ಟು ಬಂದ ಮೇಲೆ ಆ ಎರಡು ಪದ ತಾರಾನಾಥರ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತ್ತು. ಕೊಂದವರೇ ಕೊಲೆಯನ್ನು ಸತ್ತವನ ತಲೆಗೆ ಕಟ್ಟಿದ್ದರು. ಉಪ್ಪಿನಂಗಡಿಯಲ್ಲಿ ಅಝರನ ಹೆಂಡತಿ ತನ್ನ ಎರಡು ಮಕ್ಕಳಿಗೆ ಏನೆಂದು ಹೇಳಬೇಕು? ನಿಮ್ಮ ಅಪ್ಪ ಅಜಾಗರೂಕ ಎಂದೇ? ತಾರಾನಾಥರು ದೇವರೊಡನೆ ಮಾತು ಬಿಟ್ಟಿರಲಿಲ್ಲ. ಆದರೆ ಮಾತು ಒರಟಾಗಿತ್ತು.

ಇದನ್ನೆಲ್ಲ ರೋಶನ್‌ಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಝರನಿಗೆ ಎರಡೂ ಪಾಳಿ ಬರೆದ ಕೈ ಅವನದೇ.

"ಮೂರು ಚರಣ ಹಾಡಿದರೆ ಸಾಕಲ್ಲ ಅಣ್ಣ," ಎಂದು ಅವನು ಮತ್ತೆ ಹೇಳಿದ. "ಸುಶಾಂತ್‌ಗೆ ಗೌರವ ಆಗ್ತದೆ, ಯಾರಿಗೂ ನೋವಾಗುದಿಲ್ಲ."

"ನೋವಾಗಬೇಕು ಅಂತಲೇ ಅವನು ಬರೆದದ್ದು."

"ಹಾಗಾದ್ರೆ ಸ್ಟೇಜಿಗೆ ಮಾಫಿ, ಇಲ್ಲವೇ ಇಲ್ಲ. ನನ್ನ ಕೈಯಲ್ಲಿಲ್ಲ." ಅವನು ಪೆನ್ನು ಕೆಳಗಿಟ್ಟ. ಆಮೇಲೆ ಮುಖ ಅರಳಿಸಿ ಹೇಳಿದ, "ಒಂದು ಕೆಲಸ ಮಾಡುವ. ಈ ಶುಕ್ರವಾರ ನಿಮ್ಮ ಭಜನೆ ಉಂಟಲ್ಲ, ಅದನ್ನು ಸುಶಾಂತ್‌ನ ಹೆಸರಿನಲ್ಲಿ ಮಾಡುವ. ನಮ್ಮ ಆಫೀಸಿನ ತುಳುವರನ್ನೆಲ್ಲ ನಾನೇ ಕರ್ಕೊಂಡು ಬರ್ತೇನೆ. ಭಜನೆಗೆ ಅಪ್ರೂವಲ್ ಕೇಳುವವರು ಯಾರು? ನೀವು ಎಷ್ಟು ಬೇಕಾದ್ರೂ ಹಾಡಿ, ನಾವು ಹಿಂದೆ ಹೇಳ್ತೇವೆ."

ತಾರಾನಾಥರು ಎದ್ದು ನಿಂತರು. "ಮಾತು ಮಾತೇ ಅಲ್ವಾ?"

"ದೇವರ ಕೆಲಸದಲ್ಲಿ ಸುಳ್ಳು ಹೇಳ್ತೇನಾ ಅಣ್ಣ."

ಮನೆಗೆ ಬಂದಾಗ ಸೊಸೆ, ಸುಶಾಂತನ ಹೆಂಡತಿ ಗ್ರೀಷ್ಮಾ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಅಕ್ಕಿ ತೊಳೆಯುತ್ತಿದ್ದಳು. ನಡೆದದ್ದನ್ನು ಕೇಳಿ ಅಕ್ಕಿಗೆ ಇನ್ನೊಮ್ಮೆ ನೀರು ಹಾಕಿದಳು. ತಾರಾನಾಥರು ಜಗಲಿಯಿಲ್ಲದ ಆ ಮನೆಯ ಸೋಫಾದ ತುದಿಗೆ ಕುಳಿತು, ಸಿಟ್ಟು ತಡೆಯಲಾಗದೆ, ತೊಡೆಯ ಮೇಲೆ ತಾಳ ಹಾಕುತ್ತ ಮಗನ ಹಾಡಿನ ಮೊದಲ ಸಾಲನ್ನು ಎತ್ತಿದರು. ಭಜನೆಯಲ್ಲಿ ಎತ್ತುವ ಹಾಗೆಯೇ ಬಂತು. ಬೇರೆ ಬಗೆಯಲ್ಲಿ ಹಾಡಿ ಅವರಿಗೆ ಅಭ್ಯಾಸವಿಲ್ಲ. ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅಡುಗೆಮನೆಯಿಂದ ಗ್ರೀಷ್ಮಾ ಅದೇ ಸಾಲನ್ನು ಹಿಂದೆ ಹೇಳಿದಳು.

ಹೇಳಿದವಳು ತಾನೇ ಬೆಚ್ಚಿ ಹೊರಗೆ ಬಂದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಮಾವ," ಎಂದಳು.

"ಹೂಂ."

"ಶುಕ್ರವಾರದ ಭಜನೆಗೆ ನೀವು ಎಂತ ಯೋಚನೆ ಮಾಡ್ತಾ ಇದ್ದೀರಿ ಅಂತ ನನಗೆ ಗೊತ್ತಾಯ್ತು."

"ನಿನ್ನ ಕೆಲಸಕ್ಕೆ ತೊಂದರೆ ಬಂದೀತು."

"ಬಂದೀತು. ನನಗೆ ಕೆಲಸವೂ ಬೇಕು, ಆ ಚರಣವೂ ಬೇಕು. ಯಾವುದನ್ನು ಬಿಡು ಅಂತ ನನ್ನನ್ನು ಕೇಳ್ಬೇಡಿ." ಅವಳು ಒಳಗೆ ಹೋದಳು. ಅನ್ನದ ಪಾತ್ರೆಯನ್ನು ಒಲೆಯ ಮೇಲೆ ಸ್ವಲ್ಪ ಗಟ್ಟಿಯಾಗಿಯೇ ಕುಕ್ಕಿದ ಸದ್ದು ಬಂತು.

ತಾರಾನಾಥರ ಭಜನಾ ಮಂಡಳಿ ಮುಶೈರಿಬ್‌ನ ಹಳೆಯ ಗಲ್ಲಿಗಳಿದ್ದ ಕಾಲದ್ದು. ಗಲ್ಲಿಗಳನ್ನು ಕೆಡವಿ ಹೊಸ ಪೇಟೆ ಕಟ್ಟಿದ ಮೇಲೆ ನಗರದ ಹೊರಗಿನ ಒಂದು ವಿಲ್ಲಾದಲ್ಲಿ ಸೇರುತ್ತಿದ್ದರು. ಕಿಟಕಿ ಮುಚ್ಚಿ, ಮೈಕಿಲ್ಲದೆ, ಹೊರಗಿನವರಿಗೆ ತೊಂದರೆಯಾಗದ ಹಾಗೆ ಹಾಡುವುದು ರೂಢಿ. ಮಂಡಳಿಗೆ ಊರಿನ ಕಟ್ಟಳೆಯೇ ಕಟ್ಟಳೆ. ದೀಪ ಹಚ್ಚಿದ ಮೇಲೆ ಮಂಗಳ ಹಾಡುವ ತನಕ ಯಾರೂ ಏಳಬಾರದು. ಹೇಳುವವನು ಒಬ್ಬ, ಅವನು ಹೇಳಿದ ಸಾಲನ್ನು ಉಳಿದವರೆಲ್ಲ ಹಿಂದೆ ಹೇಳಬೇಕು. ಚಿಕ್ಕಂದಿನಿಂದ ಹೀಗೆಯೇ ಹೇಳಿ ಬೆಳೆದವರಿಗೆ ಅರ್ಥ ಬರುವುದು ಆಮೇಲೆ, ಬಾಯಿ ಬರುವುದು ಮೊದಲು.

ಶುಕ್ರವಾರ ಹಾರ್ಮೋನಿಯಂ ಹಿಡಿಯುವ ಸುಬ್ಬರಾಯರಿಗೆ ಮಾತ್ರ ತಾರಾನಾಥರು ಮೊದಲೇ ಧಾಟಿ ಹೇಳಿಕೊಟ್ಟರು. ಸುಬ್ಬರಾಯರು ಮೈಸೂರಿನ ಕಡೆಯವರು, ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುವವರು, ಶ್ರುತಿಯ ವಿಷಯದಲ್ಲಿ ಬಲು ಕಟ್ಟುನಿಟ್ಟು.

"ಇದ್ಯಾವ ರಾಗ ಸ್ವಾಮಿ? ಎಲ್ಲೂ ನಿಲ್ಲೋದೇ ಇಲ್ವಲ್ಲ. ಸುಮ್ಮನೆ ಮುಂದಕ್ಕೆ ಹೋಗ್ತಾನೇ ಇದೆ."

"ಬಸ್ಸಿನ ರಾಗ. ನಿಲ್ದಾಣ ಬರುವವರೆಗೆ ನಿಲ್ಲುವುದಿಲ್ಲ."

ಸುಬ್ಬರಾಯರು ಕನ್ನಡಕದ ಮೇಲಿನಿಂದ ನೋಡಿದರು. ಸುಶಾಂತನ ಹಾಡು ಅವರೂ ಕೇಳಿದ್ದರು. "ಪೂರ್ತಿ ಹಾಡ್ತೀರಾ?"

"ಅರ್ಧ ಭಜನೆ ಅಂತ ಉಂಟಾ?"

ಅವರು ಹಾರ್ಮೋನಿಯಂನ ಮನೆಗಳನ್ನು ಒತ್ತಿ ನೋಡಿಕೊಂಡರು.

ರೋಶನ್ ಮಾತಿಗೆ ತಪ್ಪಲಿಲ್ಲ. ಆಫೀಸಿನವರನ್ನು, ಕೆಲವು ಡ್ರೈವರುಗಳನ್ನೂ ಎರಡು ಕಾರಿನಲ್ಲಿ ತುಂಬಿಸಿಕೊಂಡು ಬಂದ. ಬಿಳಿ ಪಂಚೆ ಉಟ್ಟಿದ್ದ. ಬಾಗಿಲ ಬಳಿ ಚಪ್ಪಲಿ ಬಿಚ್ಚುತ್ತಿದ್ದ ಸೈಮನ್‌ನನ್ನು ಕಂಡು ಹುಬ್ಬೇರಿಸಿದ. "ಎಂತ ಸೈಮನ್, ಇಗರ್ಜಿ ಬಿಟ್ಟು ಇಲ್ಲಿ? ಗಿಟಾರು ಎಲ್ಲಿ?"

"ಗಿಟಾರಿಗೆ ಅಪ್ರೂವಲ್ ಸಿಗ್ಲಿಲ್ಲ ಅಂತ ಹೇಳಿದ್ರು," ಎಂದು ಸೈಮನ್ ಒಳಗೆ ಬಂದು ಗೋಡೆಗೆ ಒರಗಿ ಕುಳಿತ.

ಭಜನೆ ಗಣಪತಿಯಿಂದ ತೊಡಗಿ ಎಂದಿನಂತೆ ನಡೆಯಿತು. ಜನ ತುಂಬಿದ್ದರಿಂದ ಕೋಣೆ ಬಿಸಿಯಾಯಿತು. ರೋಶನ್ ಎದುರು ಸಾಲಿನಲ್ಲಿ ಕಣ್ಣು ಮುಚ್ಚಿ ಚಪ್ಪಾಳೆ ತಟ್ಟುತ್ತಿದ್ದ. ಅವನ ಕಂಠ ಒಳ್ಳೆಯದು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಹಿಂದೆ ಹೇಳುವವನು ಅವನೇ. ತಾರಾನಾಥರು ಅವನನ್ನೇ ನೋಡುತ್ತಿದ್ದರು. ದೇವರ ಮುಂದೆ ಕುಳಿತು ಮನುಷ್ಯನ ಮೇಲೆ ಇಷ್ಟು ಸಿಟ್ಟು ಇಟ್ಟುಕೊಳ್ಳಬಾರದು ಎಂದು ಅವರಿಗೆ ಗೊತ್ತಿತ್ತು. ದೇವರ ಮುಂದೆ ಸುಳ್ಳು ಹಾಡಬಾರದು ಎಂಬುದೂ ಗೊತ್ತಿತ್ತು. ಇದು ಸುಳ್ಳಲ್ಲ. ಅವರು ದೀಪದ ಕಡೆಗೆ ತಿರುಗಿ, ಕೇಳು, ಇದೊಂದನ್ನು ಕೇಳು ಎಂದು ಮನಸ್ಸಿನಲ್ಲೇ ಅಂದುಕೊಂಡು, ತಾಳ ಕೈಗೆತ್ತಿಕೊಂಡರು.

ಬೆಳಗಿನ ಪಾಳಿಗೆ ಬಸ್ಸು ತಂದವನು

ಸುಬ್ಬರಾಯರ ಹಾರ್ಮೋನಿಯಂ ಹಿಂದೆ ಬಂತು. ಕೋಣೆಯಲ್ಲಿ ಅರೆಗಳಿಗೆಯ ತಡವರಿಕೆ. ಆದರೆ ಗ್ರೀಷ್ಮಾ ಹೇಳಿದಳು, ಅವಳ ಜೊತೆಗೆ ಹೆಂಗಸರು ಹೇಳಿದರು, ಕಣ್ಣು ಮುಚ್ಚಿದ್ದ ರೋಶನ್ ತನ್ನ ಒಳ್ಳೆಯ ಕಂಠದಲ್ಲಿ ಹೇಳಿದ.

ಇರುಳಿನ ಪಾಳಿಗೂ ಅವನೇ ಬಂದನು
ಎಚ್ಚರವಿರಣ್ಣ, ಎಚ್ಚರವಿರು
ನಿನ್ನ ಮಕ್ಕಳ ಹೆಸರ ಹೇಳುತಲಿರು

ಒಂದೊಂದು ಸಾಲೂ ಹಿಂದಿರುಗಿ ಬಂತು. ರೋಶನ್ ಕಣ್ಣು ತೆರೆದ. ಆದರೆ ಬಾಯಿ ಇನ್ನೂ ಹಾಡುತ್ತಿತ್ತು. ಈ ಮೂರು ಚರಣ ಅವನಿಗೆ ಅಡ್ಡಿಯಿಲ್ಲದವು. ಅವನೇ ಚಂದ ಎಂದಿದ್ದವು. ಅಕ್ಕಪಕ್ಕದವರು ಹಾಡುತ್ತಿರುವಾಗ ಸುಮ್ಮನಾಗುವುದು ಹೇಗೆ?

ಉದ್ದನೆ ರಸ್ತೆ, ತಿರುವೇ ಇಲ್ಲ
ಮರಳಲಿ ಮರವಿಲ್ಲ, ಕಣ್ಣಿಗೆ ತಡೆಯಿಲ್ಲ

ಹಿಂದಿನ ಗೋಡೆಯ ಬಳಿ ಕುಳಿತಿದ್ದ ಡ್ರೈವರುಗಳ ದನಿ ಈಗ ಏರಿತು. ಅವರಿಗೆ ಹಾಡು ಮೊದಲೇ ಗೊತ್ತಿತ್ತು. ತಾರಾನಾಥರು ಹೇಳುವ ಮೊದಲೇ ಅವರ ಬಾಯಲ್ಲಿ ಬರುತ್ತಿತ್ತು. ಸೈಮನ್ ಮೊಣಕಾಲಿನ ಮೇಲೆ ಬೆರಳಿನಿಂದ ಇಲ್ಲದ ತಂತಿ ಮೀಟುತ್ತಿದ್ದ.

ಹಿಂದಿನ ಸೀಟಲಿ ನಾವೆಲ್ಲ ಮಲಗಿದೆವು
ಮಲಗದ ಒಬ್ಬನ ಕೈಗೆ ಜೀವವ ಕೊಟ್ಟೆವು

ಮೂರನೆಯ ಚರಣ ಮುಗಿಯಿತು. ರೋಶನ್ ತಾರಾನಾಥರನ್ನು ನೋಡಿ ತಲೆಯನ್ನು ಸಣ್ಣಗೆ ಅಡ್ಡಡ್ಡ ಆಡಿಸಿದ. ಏಳಲು ಎಂಬಂತೆ ಕೈ ಊರಿದ. ಬದಿಯಲ್ಲಿದ್ದ ಮುದುಕಿಯೊಬ್ಬಳು, "ಮಂಗಳ ಆಗ್ಲಿಲ್ಲ ಮಗಾ, ಕೂತ್ಕೊ," ಎಂದು ಅವನ ಪಂಚೆಯ ಅಂಚು ಹಿಡಿದಳು. ಅವನು ಕುಳಿತ.

ಆಫೀಸಲಿ ಕೂತು ಪಾಳಿಯ ಬರೆದವನೇ

ತಾರಾನಾಥರು ಇದನ್ನು ಜೋರಾಗಿ ಹಾಡಲಿಲ್ಲ. ಉಳಿದ ಸಾಲುಗಳಷ್ಟೇ ದನಿಯಲ್ಲಿ ಹಾಡಿ, ನಿಲ್ಲಿಸಿ, ಕಾದರು. ಮುಂದಿನ ಸಾಲುಗಳಲ್ಲಿ ಕುಳಿತ ಆಫೀಸಿನವರು ನೆಲ ನೋಡಿದರು. ಹೆಂಗಸರಲ್ಲಿ ಅರ್ಧದಷ್ಟು ಜನ ಹೇಳಿದರು, ಅರ್ಧದಷ್ಟು ಜನ ತುಟಿ ಮಾತ್ರ ಆಡಿಸಿದರು. ಗೋಡೆಯ ಬಳಿಯ ಡ್ರೈವರುಗಳು ಹೇಳಿದರು. ಸುಬ್ಬರಾಯರು, ಎಂದೂ ಹಾಡದವರು, ಶ್ರುತಿ ತಪ್ಪಿಸಿ ಹೇಳಿದರು. ಗ್ರೀಷ್ಮಾ ಮುಖವೆತ್ತಿ ನೇರವಾಗಿ ರೋಶನ್‌ನನ್ನು ನೋಡುತ್ತ ಹೇಳಿದಳು. ಆ ಒಳ್ಳೆಯ ಕಂಠ ಮಾತ್ರ ಬರಲಿಲ್ಲ. ಅದು ಇಲ್ಲದ್ದು ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು.

ನಿನ್ನ ಮಗನ ಒಮ್ಮೆ ಕೂರಿಸು ಈ ಬಸ್ಸಲೇ

ರೋಶನ್‌ನ ಮಗ ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದ. ಅದು ಎಲ್ಲರಿಗೂ ಗೊತ್ತು. ತಾರಾನಾಥರು ಸಾಲನ್ನು ಎರಡನೆಯ ಸಲ ಹಾಡಿದರು. ಭಜನೆಯಲ್ಲಿ ಕೊನೆಯ ಸಾಲನ್ನು ಎರಡು ಸಲ ಹಾಡುವುದುಂಟು. ಆಮೇಲೆ ತಾಳ ಕೆಳಗಿಟ್ಟು ಮಂಗಳ ಎತ್ತಿದರು. ಸುಶಾಂತ್ ಬದುಕಿದ್ದಾಗ ಮಂಗಳಕ್ಕೆ ಅವನದೇ ದನಿ ಮೇಲೆ ಹೋಗುತ್ತಿತ್ತು. ಈ ಹೊತ್ತು ಯಾರೂ ಅಷ್ಟು ಮೇಲಕ್ಕೆ ದನಿ ಎತ್ತಲಿಲ್ಲ.

ಆರತಿ ತಟ್ಟೆಯನ್ನು ಜನರ ಮುಂದೆ ಹಿಡಿಯುವುದು ಹೇಳಿದವನ ಕೆಲಸ. ತಾರಾನಾಥರು ಕರ್ಪೂರ ಹಚ್ಚಿ ಹೆಂಗಸರ ಸಾಲಿಗೆ ಹಿಡಿದರು, ಡ್ರೈವರುಗಳಿಗೆ ಹಿಡಿದರು, ಸೈಮನ್ ಮುಂದೆ ಹಿಡಿದಾಗ ಅವನೂ ಎರಡು ಕೈ ಚಾಚಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ರೋಶನ್‌ನ ಮುಂದೆ ಬಂದರು.

ದಾಟಿ ಹೋಗಬೇಕೆಂದು ಕಾಲು ಹೇಳಿತು. ಈ ಕೈಗಳಿಗೆ ಈ ಬೆಂಕಿ ಕೊಡಬೇಡ ಎಂದು ಹೊಟ್ಟೆಯೊಳಗಿನ ಕೆಂಡ ಹೇಳಿತು. ಆದರೆ ತಟ್ಟೆಯಲ್ಲಿದ್ದ ಬೆಂಕಿ ಅವರದಲ್ಲ. ಅದನ್ನು ಯಾರಿಗೂ ಇಲ್ಲ ಎನ್ನುವ ಅಧಿಕಾರ ಅವರಿಗಿಲ್ಲ. ಅಪ್ಪನೂ ಅಜ್ಜನೂ ಹಾಗೆಯೇ ಕಲಿಸಿದ್ದರು. ಅವರು ನಿಂತರು. ತಟ್ಟೆಗೆ ಎರಡೂ ಕೈ ಕೊಟ್ಟು ಮುಂದಕ್ಕೆ ಹಿಡಿದರು.

ರೋಶನ್ ಕೈ ಚಾಚಲಿಲ್ಲ. ಬೇರೆಯವರಿಗೆ ಕೇಳಿಸದ ಹಾಗೆ, "ನೀವು ನನಗೆ ಹೀಗೆ ಮಾಡಬಾರದಿತ್ತು ಅಣ್ಣ," ಎಂದ. "ಎರಡು ಪಾಳಿ ನಾನು ನನ್ನ ಖುಷಿಗೆ ಬರೆದದ್ದಾ? ಮೇಲಿಂದ ಬಂದದ್ದು."

"ಹಾಡಿನಲ್ಲಿ ನಿನ್ನ ಹೆಸರು ಇಲ್ಲವಲ್ಲ. ನಿನಗೆ ಯಾಕೆ ತಾಗಿತು?"

ರೋಶನ್ ಅಕ್ಕಪಕ್ಕ ನೋಡಿದ. ಕರ್ಪೂರ ಹೊಗೆಯಾಡುತ್ತಿತ್ತು.

"ನಾಳೆ ಮೇಲಿನವರಿಗೆ ಗೊತ್ತಾಗ್ತದೆ. ಆಫೀಸಿನವರೆಲ್ಲ ಇಲ್ಲೇ ಇದ್ದಾರೆ. ಕರೆದು ಕೇಳಿದ್ರೆ ನಾನು ಎಂತ ಹೇಳುದು?"

"ಇದ್ದದ್ದನ್ನು ಹೇಳು. ಮೂರು ಚರಣ ನಾನೂ ಹಾಡಿದೆ, ನಾಲ್ಕನೆಯದು ಬಾಯಿಗೆ ಬರಲಿಲ್ಲ ಅಂತ ಹೇಳು. ಯಾಕೆ ಬರಲಿಲ್ಲ ಅಂತ ಅವರೇ ಕೇಳಲಿ." ತಾರಾನಾಥರು ತಟ್ಟೆಯನ್ನು ಇನ್ನೂ ಹತ್ತಿರಕ್ಕೆ ತಂದರು. "ತಗೊ. ಇದು ನನ್ನದಲ್ಲ, ದೇವರದು. ನನ್ನದಾಗಿದ್ದರೆ ಕೊಡುತ್ತಿರಲಿಲ್ಲ."

ರೋಶನ್‌ನ ಕೈಗಳು ಮೇಲೆ ಬಂದವು. ಬೆಂಕಿಯ ಮೇಲೆ ಒಂದು ಗಳಿಗೆ ನಿಂತವು. ಆದರೆ ಕಣ್ಣಿಗೆ ಹೋಗಲಿಲ್ಲ. ಹಾಗೆಯೇ ಮಡಿಲಿಗೆ ಇಳಿದವು. ಕರ್ಪೂರ ಉರಿದು ಮುಗಿದು ತಟ್ಟೆಯಲ್ಲಿ ಕಪ್ಪು ಉಳಿಯಿತು.

ತಾರಾನಾಥರು ಅವನ ಮುಂದೆಯೇ ನಿಂತು ಇನ್ನೊಂದು ತುಂಡು ಕರ್ಪೂರ ಇಟ್ಟು ಹಚ್ಚಿ, ಪಕ್ಕದ ಮುದುಕಿಯ ಕಡೆಗೆ ತಿರುಗಿದರು.